ಹಕ್ಕಿಲ್ಲದ ನೀರು ಕೈಗಡದ ನೀರು
ಮರುಭೂಮಿಯ ನಗರವೊಂದರ ನೂರು ವರ್ಷದ ಲೆಕ್ಕ ನಮ್ಮ ರೈತರಿಗೆ ಹೇಳುವುದೇನು?



ಕೋಲಾರ ಜಿಲ್ಲೆಯ ಒಂದು ಹಳ್ಳಿಯಲ್ಲಿ ಹನಿ ನೀರಾವರಿ ಕುರಿತು ತರಬೇತಿ ಶಿಬಿರ ನಡೆದಿತ್ತು. ನನ್ನ ಮಾತು ಮುಗಿದ ಮೇಲೆ ಹಿರಿಯ ರೈತರೊಬ್ಬರು ಎದ್ದು ನಿಂತು ಕೇಳಿದರು: "ಸ್ವಾಮಿ, ಬೆಂಗಳೂರಿನ ನೀರು ನಮ್ಮ ಕೆರೆಗೆ ಬಂದಿದೆ. ಬತ್ತಿದ್ದ ಕೊಳವೆ ಬಾವಿಗೂ ಜೀವ ಬಂದಿದೆ. ಈ ನೀರು ಎಷ್ಟು ವರ್ಷ ಬರುತ್ತೆ? ಇದನ್ನು ನಂಬಿ ಎರಡು ಎಕರೆಗೆ ಹಿಪ್ಪುನೇರಳೆ ಹಾಕಬಹುದಾ?"

"ಬರುವಷ್ಟು ದಿನ ಬರಲಿ, ಉಪಯೋಗ ಮಾಡಿಕೊಳ್ಳಿ" ಎಂದು ಹೇಳಿ ನಾನು ಜೀಪು ಹತ್ತಿದೆ. ಆ ಉತ್ತರ ಸರಿಯಾದದ್ದಲ್ಲ ಎಂದು ಈಗ ನನಗೆ ಅನ್ನಿಸುತ್ತಿದೆ. ಇಂಥದೇ ನೀರನ್ನು ನಂಬಿ, ಇಂಥದೇ ಮಾತನ್ನು ಕೇಳಿ ನಡೆದ ರೈತರು ಭೂಮಿಯ ಆ ಕಡೆಯಲ್ಲಿ, ಅಮೆರಿಕದ ಅರಿಜೋನಾ ರಾಜ್ಯದಲ್ಲಿದ್ದಾರೆ. ನಾನು ಆ ದೇಶವನ್ನು ಕಣ್ಣಾರೆ ಕಂಡವನಲ್ಲ. ಆದರೆ ಅಲ್ಲಿನ ಫೀನಿಕ್ಸ್ ನಗರ ತನ್ನ ಮುಂದಿನ ನೂರು ವರ್ಷದ ನೀರಿಗೆ ಹಾಕಿಕೊಂಡ ಲೆಕ್ಕವನ್ನೂ, ಆ ಲೆಕ್ಕದಲ್ಲಿ ರೈತರಿಗೆ ಸಿಕ್ಕ ಸ್ಥಾನವನ್ನೂ ಓದಿ ತಿಳಿದಿದ್ದೇನೆ. ಅದನ್ನು ತಮ್ಮ ಮುಂದೆ ಇಡುವುದು ನನ್ನ ಕರ್ತವ್ಯ ಎಂದು ಭಾವಿಸಿದ್ದೇನೆ.

ಮಳೆಯಿಲ್ಲದ ನಾಡು, ಬೆಳೆಯುವ ಊರು

ನಮ್ಮ ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆಯೂ ಒಂದು. ಅಲ್ಲಿ ಬೀಳುವ ಮಳೆಯ ಅರ್ಧದಷ್ಟೂ ಫೀನಿಕ್ಸ್‌ನಲ್ಲಿ ಬೀಳುವುದಿಲ್ಲ. ವರ್ಷಕ್ಕೆ ಏಳೆಂಟು ಅಂಗುಲ, ಅಷ್ಟೇ. ಬೇಸಿಗೆಯಲ್ಲಿ 43, 45 ಡಿಗ್ರಿ ಬಿಸಿಲು ಸಾಮಾನ್ಯ. ಇಂಥ ಜಾಗದಲ್ಲಿ 1950ರಲ್ಲಿ ಸುಮಾರು 1 ಲಕ್ಷ 7 ಸಾವಿರ ಜನರಿದ್ದ ಊರು 2020ರ ಜನಗಣತಿಯ ಹೊತ್ತಿಗೆ 16 ಲಕ್ಷ ದಾಟಿತು. ಸುತ್ತಲಿನ ಊರುಗಳನ್ನು ಸೇರಿಸಿದರೆ 48 ಲಕ್ಷ.

ಈ ಊರು ಮೂಲದಲ್ಲಿ ರೈತರ ಊರು. ನೂರಾರು ವರ್ಷಗಳ ಹಿಂದೆ ಹೊಹೊಕಮ್ ಎಂಬ ಜನ ಸಾಲ್ಟ್ ನದಿಯಿಂದ ಕೈಯಲ್ಲೇ ಕಾಲುವೆ ತೋಡಿ ಜೋಳ, ಹುರುಳಿಕಾಯಿ, ಹತ್ತಿ ಬೆಳೆದಿದ್ದರು. 1860ರ ದಶಕದ ಕೊನೆಯಲ್ಲಿ ಬಂದ ಬಿಳಿಯ ವಲಸಿಗರು ಆ ಹಾಳು ಕಾಲುವೆಗಳ ಜಾಡಿನಲ್ಲೇ ಹೊಸ ಕಾಲುವೆ ತೆಗೆದರು. ಬೂದಿಯಿಂದ ಮತ್ತೆ ಹುಟ್ಟಿ ಬರುವ ಹಕ್ಕಿಯ ಹೆಸರನ್ನು ಊರಿಗೆ ಇಟ್ಟದ್ದು ಈ ಕಾರಣಕ್ಕೆ. 1903ರಲ್ಲಿ ಆ ಕಣಿವೆಯ ರೈತರು ಒಂದು ಸಂಘ ಕಟ್ಟಿ, ತಮ್ಮ ಜಮೀನನ್ನೇ ಸರ್ಕಾರಕ್ಕೆ ಆಧಾರವಾಗಿಟ್ಟು ಅಣೆಕಟ್ಟು ಕಟ್ಟಿಸಿಕೊಂಡರು. 1911ರಲ್ಲಿ ಮುಗಿದ ಆ ಅಣೆಕಟ್ಟಿಗೆ ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೋಡರ್ ರೂಸ್‌ವೆಲ್ಟರ ಹೆಸರಿದೆ.

ಇಲ್ಲಿ ಒಂದು ಅಂಶವನ್ನು ತಾವು ಗಮನಿಸಬೇಕು. ಆ ನೀರಿನ ಹಕ್ಕು ಭೂಮಿಗೆ ಅಂಟಿದ ಹಕ್ಕು. ಹೊಲ ಬಡಾವಣೆಯಾದಾಗ ನೀರೂ ಹೊಲದ ಜೊತೆಗೇ ಬಡಾವಣೆಗೆ ಹೋಯಿತು. ಫೀನಿಕ್ಸ್ ನಗರ ಇಂದು ಕುಡಿಯುವ ನೀರಿನಲ್ಲಿ ದೊಡ್ಡ ಪಾಲು ಹೀಗೆ ಹಿಂದಿನ ರೈತರು ಜಮೀನು ಒತ್ತೆಯಿಟ್ಟು ಗಳಿಸಿದ ನೀರೇ. ರೈತ ಹಕ್ಕು ಮಾಡಿಕೊಂಡ ನೀರಿಗೆ ನೂರು ವರ್ಷದ ಮೇಲೂ ಬೆಲೆ ಇದೆ ಎಂಬುದಕ್ಕೆ ಇದು ಮೊದಲ ಸಾಕ್ಷಿ.

ಕಾಗದದ ಮೇಲಿನ ನದಿ

ಊರು ಬೆಳೆದಂತೆ ಸಾಲ್ಟ್ ನದಿಯ ನೀರು ಸಾಲದಾಯಿತು. ರಾಜ್ಯದ ಪಶ್ಚಿಮ ಗಡಿಯಲ್ಲಿ ಹರಿಯುವ ಕೊಲರಾಡೊ ನದಿಯ ಕಡೆಗೆ ಎಲ್ಲರ ಕಣ್ಣು ಹೊರಳಿತು. ಏಳು ರಾಜ್ಯಗಳು ಆ ನದಿಯನ್ನು 1922ರಲ್ಲೇ ಹಂಚಿಕೊಂಡಿದ್ದವು. ಮೇಲಿನ ರಾಜ್ಯಗಳಿಗೆ ವರ್ಷಕ್ಕೆ 75 ಲಕ್ಷ ಎಕರೆ-ಅಡಿ, ಕೆಳಗಿನ ರಾಜ್ಯಗಳಿಗೆ 75 ಲಕ್ಷ ಎಕರೆ-ಅಡಿ. ಒಂದು ಎಕರೆಯ ಮೇಲೆ ಒಂದು ಅಡಿ ನೀರು ನಿಂತರೆ ಅದು ಒಂದು ಎಕರೆ-ಅಡಿ. ನಮಗೆ ಪರಿಚಯದ ಟಿ.ಎಂ.ಸಿ. ಲೆಕ್ಕದಲ್ಲಿ ಒಂದೊಂದು ಪಾಲು ಸುಮಾರು 327 ಟಿ.ಎಂ.ಸಿ. 1944ರ ಒಪ್ಪಂದದಲ್ಲಿ ಮೆಕ್ಸಿಕೊ ದೇಶಕ್ಕೆ ಇನ್ನೂ 65 ಟಿ.ಎಂ.ಸಿ. ಸೇರಿತು. ಒಟ್ಟು ಹಂಚಿದ್ದು ಸುಮಾರು 719 ಟಿ.ಎಂ.ಸಿ.

ಆದರೆ ಹಂಚಿಕೆಗೆ ಆಧಾರವಾಗಿಟ್ಟುಕೊಂಡ ವರ್ಷಗಳು ಒಳ್ಳೆಯ ಮಳೆ ಮತ್ತು ಹಿಮ ಬಿದ್ದ ವರ್ಷಗಳು. 2000ದಿಂದ ಈಚೆಗೆ ನದಿಯಲ್ಲಿ ಸರಾಸರಿ ಹರಿದದ್ದು 540 ಟಿ.ಎಂ.ಸಿ.ಯ ಆಸುಪಾಸು. ಮೂರು ಒಳ್ಳೆಯ ವರ್ಷ ನೋಡಿ ಹತ್ತು ವರ್ಷದ ಸಾಲ ಮಾಡಿದ ರೈತನ ಪಾಡನ್ನು ನಾವು ಬಲ್ಲೆವು. ಅಲ್ಲಿ ಏಳು ರಾಜ್ಯಗಳ ಪಂಡಿತರು ಕೂತು ಮಾಡಿದ್ದೂ ಅದೇ ತಪ್ಪು.

ಅರಿಜೋನಾ ಪಾಲಿಗೆ ಬಂದದ್ದು 28 ಲಕ್ಷ ಎಕರೆ-ಅಡಿ, ಅಂದರೆ 122 ಟಿ.ಎಂ.ಸಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಫೀನಿಕ್ಸ್ ಮತ್ತು ಟೂಸಾನ್ ನಗರಗಳ ಕಡೆಗೆ ತರಲು 'ಸೆಂಟ್ರಲ್ ಅರಿಜೋನಾ ಪ್ರಾಜೆಕ್ಟ್' ಎಂಬ ಕಾಲುವೆ ಯೋಜನೆಗೆ 1968ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದರು. 1973ರಲ್ಲಿ ಕೆಲಸ ಆರಂಭವಾಗಿ 1993ರಲ್ಲಿ ಮುಗಿಯಿತು. ಉದ್ದ 540 ಕಿಲೋಮೀಟರ್. ಹವಾಸು ಸರೋವರದಿಂದ ನೀರನ್ನು ಪಂಪುಗಳು ಒಟ್ಟು 2,900 ಅಡಿಯಷ್ಟು ಮೇಲೆತ್ತುತ್ತವೆ. ವೆಚ್ಚ 400 ಕೋಟಿ ಡಾಲರಿಗೂ ಹೆಚ್ಚು.

ಈ ಯೋಜನೆಗೆ ಒಪ್ಪಿಗೆ ಪಡೆಯಲು ನೆರೆಯ ಕ್ಯಾಲಿಫೋರ್ನಿಯಾದ ಬೆಂಬಲ ಬೇಕಿತ್ತು. ಅದಕ್ಕಾಗಿ ಅರಿಜೋನಾ ಒಂದು ಷರತ್ತಿಗೆ ತಲೆಬಾಗಿತು. ನದಿಯಲ್ಲಿ ನೀರು ಕಡಿಮೆಯಾದ ವರ್ಷ ಮೊದಲು ಕಡಿತವಾಗುವುದು ಈ ಕಾಲುವೆಯ ನೀರು. ಕ್ಯಾಲಿಫೋರ್ನಿಯಾದ ಪಾಲು ಆಮೇಲೆ. 1968ರಲ್ಲಿ ಈ ಸಾಲನ್ನು ಓದಿದವರಿಗೆ ಅದು ದೂರದ ಮಾತು ಎನಿಸಿತ್ತು. 53 ವರ್ಷದ ಮೇಲೆ ಅದು ಬಾಗಿಲಿಗೆ ಬಂತು.

ನೂರು ವರ್ಷದ ನಿಯಮ

ಕಾಲುವೆ ಬರುವ ಮೊದಲು ಫೀನಿಕ್ಸ್ ಸುತ್ತಲಿನ ರೈತರೂ ಊರುಗಳೂ ಅಂತರ್ಜಲವನ್ನೇ ಎತ್ತುತ್ತಿದ್ದರು. ಎಷ್ಟು ಎತ್ತಿದರೆಂದರೆ ಫೀನಿಕ್ಸ್ ಮತ್ತು ಟೂಸಾನ್ ನಡುವಿನ ಪಿನಾಲ್ ಜಿಲ್ಲೆಯಲ್ಲಿ, ಎಲಾಯ್ ಎಂಬ ಊರಿನ ಬಳಿ ನೆಲವೇ 10 ಅಡಿಗಿಂತ ಹೆಚ್ಚು ಕುಸಿಯಿತು. ಹೊಲಗಳಲ್ಲಿ ಉದ್ದುದ್ದ ಬಿರುಕು ಬಿಟ್ಟಿತು. ನಮ್ಮಲ್ಲಿ ಕಲ್ಲಿನ ನೆಲವಾದ್ದರಿಂದ ಕೊಳವೆ ಬಾವಿ ಬತ್ತುತ್ತದೆ, ನೆಲ ಕುಸಿಯುವುದಿಲ್ಲ. ಅಲ್ಲಿ ಮೆಕ್ಕಲು ಪದರಗಳ ನಡುವಿನ ನೀರು ಹೋದೊಡನೆ ಪದರಗಳು ಒಂದರ ಮೇಲೊಂದು ಅಮುಕಿ ಕೂತವು. ಹಾಗೆ ಅಮುಕಿದ ಜಾಗದಲ್ಲಿ ಮತ್ತೆ ಮೊದಲಿನಷ್ಟು ನೀರು ನಿಲ್ಲಲಾರದು.

"ಅಂತರ್ಜಲಕ್ಕೆ ಕಡಿವಾಣ ಹಾಕಿ, ಇಲ್ಲವಾದರೆ ಕಾಲುವೆಗೆ ಹಣವಿಲ್ಲ" ಎಂದು ಕೇಂದ್ರ ಸರ್ಕಾರ ಗದರಿಸಿದ ಮೇಲೆ, ರಾಜ್ಯಪಾಲ ಬ್ರೂಸ್ ಬ್ಯಾಬಿಟ್ ಅವರ ಕಾಲದಲ್ಲಿ, 1980ರಲ್ಲಿ ಅರಿಜೋನಾ ಅಂತರ್ಜಲ ಕಾಯ್ದೆ ಬಂತು. ಅದರ ಮುಖ್ಯ ಅಂಶಗಳು ಇವು: ನಿಯಂತ್ರಿತ ವಲಯಗಳಲ್ಲಿ ಹೊಸ ಜಮೀನಿಗೆ ನೀರಾವರಿ ಮಾಡುವಂತಿಲ್ಲ. ಹಳೆಯ ನೀರಾವರಿ ಜಮೀನಿನ ಹಕ್ಕು ಉಳಿಯುತ್ತದೆ. ಎತ್ತಿದ ನೀರಿಗೆ ಲೆಕ್ಕ ಕೊಡಬೇಕು. ಬಡಾವಣೆ ಮಾಡುವವನು ನೂರು ವರ್ಷಕ್ಕೆ ನೀರಿದೆ ಎಂದು ತೋರಿಸದೆ ಒಂದು ನಿವೇಶನವನ್ನೂ ಮಾರುವಂತಿಲ್ಲ.

1995ರಲ್ಲಿ ಈ ಕೊನೆಯ ನಿಯಮಕ್ಕೆ ವಿವರ ಸೇರಿಸಿದರು. ನೀರು ನಿಜವಾಗಿ ಇದೆಯೇ? ನೂರು ವರ್ಷ ಎಡೆಬಿಡದೆ ಸಿಗುತ್ತದೆಯೇ? ಅದರ ಮೇಲೆ ಕಾನೂನಿನ ಹಕ್ಕು ಇದೆಯೇ? ಕುಡಿಯಲು ಯೋಗ್ಯವೇ? ತರಲು ಹಣವಿದೆಯೇ? ಎಲ್ಲಕ್ಕೂ ಹೌದು ಎಂದಾಗ ಮಾತ್ರ ಪರವಾನಗಿ. 1996ರಲ್ಲಿ 'ನೀರಿನ ಬ್ಯಾಂಕ್' ಎಂಬ ಸಂಸ್ಥೆಯೂ ಹುಟ್ಟಿತು. ಹೆಚ್ಚು ನೀರು ಬಂದ ವರ್ಷಗಳಲ್ಲಿ ಕಾಲುವೆ ನೀರನ್ನು ಮರಳಿನ ಹೊಂಡಗಳಲ್ಲಿ ಇಂಗಿಸಿ, ಬರಗಾಲಕ್ಕೆಂದು ನೆಲದಡಿ ಜಮಾ ಮಾಡಿದರು. ಹೀಗೆ ಕೂಡಿಟ್ಟದ್ದು 40 ಲಕ್ಷ ಎಕರೆ-ಅಡಿಗೂ ಹೆಚ್ಚು. ಚರಂಡಿಯ ನೀರನ್ನೂ ಬಿಡಲಿಲ್ಲ. ಪಾಲೊ ವರ್ಡೆ ಎಂಬ ಅಣು ವಿದ್ಯುತ್ ಸ್ಥಾವರ ತಂಪಾಗುವುದು ಫೀನಿಕ್ಸ್ ಸುತ್ತಲಿನ ಊರುಗಳ ಶುದ್ಧೀಕರಿಸಿದ ಕೊಳಚೆ ನೀರಿನಿಂದ.

ಒಳ್ಳೆಯದನ್ನು ಒಳ್ಳೆಯದೆಂದೇ ಹೇಳಬೇಕು. ನಿವೇಶನ ಮಾರುವ ಮೊದಲು ನೂರು ವರ್ಷದ ನೀರು ತೋರಿಸು ಎಂಬ ಕಾನೂನು ನಮ್ಮ ನಗರಗಳ ಸುತ್ತ ಇದ್ದಿದ್ದರೆ ಎಷ್ಟೋ ಕೆರೆಗಳು ಉಳಿಯುತ್ತಿದ್ದವು. ಆದರೆ ಅಲ್ಲಿಯೂ ಸಂದಿ ಹುಡುಕುವವರು ಇದ್ದೇ ಇದ್ದರು. ಆರು ನಿವೇಶನಕ್ಕಿಂತ ಕಡಿಮೆ ಇದ್ದರೆ ಅದು ಬಡಾವಣೆಯಲ್ಲ ಎಂಬ ಮಾತನ್ನು ಹಿಡಿದು ಐದೈದಾಗಿ ಭೂಮಿ ಒಡೆದು ಮಾರಿದರು. ಸ್ಕಾಟ್ಸ್‌ಡೇಲ್ ಊರಿನ ಹೊರಗಿನ ರಿಯೊ ವರ್ಡೆ ಎಂಬಲ್ಲಿ ಹೀಗೆ ಎದ್ದ ಎಷ್ಟೋ ಮನೆಗಳಿಗೆ ಟ್ಯಾಂಕರ್ ನೀರೇ ಗತಿಯಾಗಿತ್ತು. 2023ರ ಜನವರಿ 1ರಂದು ಸ್ಕಾಟ್ಸ್‌ಡೇಲ್ ಪುರಸಭೆ ಆ ಟ್ಯಾಂಕರುಗಳಿಗೆ ತನ್ನ ನೀರು ನಿಲ್ಲಿಸಿದಾಗ ಲಕ್ಷಾಂತರ ಡಾಲರಿನ ಮನೆ ಕಟ್ಟಿದವರೂ ಬಕೆಟ್ ಎಣಿಸಬೇಕಾಯಿತು.

ಅಗ್ಗದ ನೀರಿನ ಒಪ್ಪಂದ

ಈಗ ರೈತರ ವಿಷಯಕ್ಕೆ ಬರೋಣ. ಕಾಲುವೆ ಕಟ್ಟುವಾಗ ಎಲ್ಲರೂ ಹೇಳಿದ್ದು ರೈತರ ಹೆಸರನ್ನೇ. ಆದರೆ ನೀರು ಬಂದಾಗ ಅದರ ದರ ರೈತರ ಕೈಗೆ ಎಟುಕಲಿಲ್ಲ. ಹೊಲಗಾಲುವೆ ಕಟ್ಟಲು ಮಾಡಿದ ಸಾಲ ಬೇರೆ. ಹತ್ತಿಗೆ ಸಿಗುವ ಬೆಲೆಯಲ್ಲಿ ಎರಡನ್ನೂ ತೀರಿಸಲಾಗದೆ 1990ರ ದಶಕದಲ್ಲಿ ಪಿನಾಲ್ ಕಡೆಯ ನೀರಾವರಿ ಸಂಘಗಳು ತತ್ತರಿಸಿದವು.

ಆಗ ಒಂದು ರಾಜಿ ಸೂತ್ರ ಹುಟ್ಟಿತು. 2004ರ ಅರಿಜೋನಾ ನೀರಿನ ಒಪ್ಪಂದಗಳ ಕಾಯ್ದೆಯಲ್ಲಿ ಅದು ಸೇರಿತು. ರೈತ ಸಂಘಗಳು ಕಾಲುವೆ ನೀರಿನ ಮೇಲಿನ ತಮ್ಮ ದೀರ್ಘಾವಧಿಯ ಹಕ್ಕನ್ನು ಬಿಟ್ಟುಕೊಡಬೇಕು. ಬದಲಿಗೆ ಅವುಗಳ ಸಾಲದ ಹೊರೆ ಇಳಿಯುತ್ತದೆ, ಮತ್ತು 2030ರ ತನಕ ಅಗ್ಗದ ದರದಲ್ಲಿ ನೀರು ಸಿಗುತ್ತದೆ. ಮೊದಲು ವರ್ಷಕ್ಕೆ 4 ಲಕ್ಷ ಎಕರೆ-ಅಡಿ, 2017ರಿಂದ 3 ಲಕ್ಷ, 2024ರಿಂದ 2 ಲಕ್ಷ 25 ಸಾವಿರ. ಆದರೆ ಈ ನೀರು ಊರುಗಳೂ ಇತರ ಹಕ್ಕುದಾರರೂ ಬಳಸದೆ ಉಳಿದ ನೀರು. ಕೊರತೆ ಬಂದರೆ ಮೊದಲು ನಿಲ್ಲುವುದು ಇದೇ.

ಆ ರೈತರು ದಡ್ಡರಾಗಿರಲಿಲ್ಲ. ಕೈಯಲ್ಲಿ ಸಾಲದ ನೋಟೀಸು ಹಿಡಿದವನಿಗೆ ಇಂದಿನ ಅಗ್ಗದ ನೀರು ದೊಡ್ಡದಾಗಿ ಕಾಣುತ್ತದೆ, ಮುಂದಿನ ಬರಗಾಲ ಸಣ್ಣದಾಗಿ ಕಾಣುತ್ತದೆ. ನಾನಾಗಿದ್ದರೂ ಸಹಿ ಹಾಕುತ್ತಿದ್ದೆನೋ ಏನೋ. ನಮ್ಮಲ್ಲಿ ಕಾಗದ ಪತ್ರವಿಲ್ಲದೆ ನೆಂಟರಿಂದ, ಸ್ನೇಹಿತರಿಂದ ತರುವ ಹಣಕ್ಕೆ ಕೈಗಡ ಎನ್ನುತ್ತೇವೆ. ಬಡ್ಡಿ ಇಲ್ಲ, ನಿಜ. ಆದರೆ ಕೊಟ್ಟವನು ಕೇಳಿದ ದಿನ ಎದುರು ಮಾತಿಲ್ಲದೆ ಹಿಂದಿರುಗಿಸಬೇಕು. ಪಿನಾಲ್ ರೈತರು ಪಡೆದದ್ದು ಕೈಗಡದ ನೀರು.

ಕೇಳುವ ದಿನ ಬಂತು

2021ರ ಆಗಸ್ಟ್ ತಿಂಗಳಲ್ಲಿ ಅಮೆರಿಕ ಸರ್ಕಾರ ಕೊಲರಾಡೊ ನದಿಯಲ್ಲಿ ನೀರಿನ ಕೊರತೆಯನ್ನು ಘೋಷಿಸಿತು. ಆ ನದಿಯ ಇತಿಹಾಸದಲ್ಲಿ ಇದು ಮೊದಲ ಸಲ. 2022ಕ್ಕೆ ಅರಿಜೋನಾ 5 ಲಕ್ಷ 12 ಸಾವಿರ ಎಕರೆ-ಅಡಿ, ಅಂದರೆ 22 ಟಿ.ಎಂ.ಸಿ. ನೀರನ್ನು ಬಿಡಬೇಕಾಯಿತು. ಅದು ಕಾಲುವೆಯ ನೀರಿನಲ್ಲಿ ಸುಮಾರು ಮೂರನೆಯ ಒಂದು ಭಾಗ. ಫೀನಿಕ್ಸ್ ನಗರದ ನಲ್ಲಿಗಳಲ್ಲಿ ಆ ವರ್ಷ ನೀರು ನಿಲ್ಲಲಿಲ್ಲ. ಪಿನಾಲ್ ಜಿಲ್ಲೆಯ ಹೊಲಗಾಲುವೆಗಳಲ್ಲಿ ನಿಂತಿತು. ಪರಿಹಾರವೆಂದು 2022ರಲ್ಲಿ ಸ್ವಲ್ಪ ನೀರು ಬಿಟ್ಟರು. 2023ರ ಹೊತ್ತಿಗೆ ಅದೂ ನಿಂತಿತು. 2030ರ ತನಕ ಎಂದು ಬರೆದ ಒಪ್ಪಂದ ಏಳು ವರ್ಷ ಮೊದಲೇ ಬರಿದಾಯಿತು. ಒಪ್ಪಂದವನ್ನು ಯಾರೂ ಮುರಿಯಲಿಲ್ಲ ಎಂಬುದನ್ನು ನೆನಪಿಡಿ. ಒಪ್ಪಂದದಲ್ಲಿ ಇದ್ದದ್ದೇ ಹಾಗೆ.

ಎಷ್ಟೋ ಹೊಲಗಳನ್ನು ಬೀಳು ಬಿಡಬೇಕಾಯಿತು. ಹತ್ತಿ ಬೆಳೆಯುತ್ತಿದ್ದವರು, ನಾವು ಕುದುರೆ ಮಸಾಲೆ ಎನ್ನುವ ಲೂಸರ್ನ್ ಮೇವು ಬೆಳೆದು ಹಾಲಿನ ಡೇರಿಗಳಿಗೆ ಮಾರುತ್ತಿದ್ದವರು ಮತ್ತೆ ಕೊಳವೆ ಬಾವಿಗಳ ಕಡೆ ಮುಖ ಮಾಡಿದರು. ಸರ್ಕಾರವೇ ಬಾವಿ ದುರಸ್ತಿಗೆ, ಹೊಸ ಬಾವಿಗೆ ಸಹಾಯಧನ ಕೊಟ್ಟಿತು. ಅಂತರ್ಜಲ ಉಳಿಸಲೆಂದು 400 ಕೋಟಿ ಡಾಲರ್ ಸುರಿದು ತಂದ ಕಾಲುವೆ. ಅದೇ ಕಾಲುವೆಯ ನೀರು ನಿಂತಾಗ ನೆಲ ಕುಸಿದ ಜಾಗದಲ್ಲೇ ಮತ್ತೆ ಪಂಪು. ಸುತ್ತಿ ಸುತ್ತಿ ಸುಬ್ಬನ ಮನೆಗೇ ಬಂದಂತಾಯಿತು.

ಬಾಕಿ ಪಕ್ಷದ ವಾದವನ್ನೂ ಹೇಳಬೇಕು. ಅರಿಜೋನಾ ರಾಜ್ಯದಲ್ಲಿ ಬಳಸುವ ನೀರಿನಲ್ಲಿ ನೂರಕ್ಕೆ 70 ಪಾಲು ಬೇಸಾಯಕ್ಕೇ ಹೋಗುತ್ತದೆ. ಅಲ್ಲಿನ ಬಿಸಿಲಿಗೆ ಒಂದು ಎಕರೆ ಹತ್ತಿಗೆ ವರ್ಷಕ್ಕೆ ಮೂರೂವರೆ, ನಾಲ್ಕು ಎಕರೆ-ಅಡಿ ನೀರು ಬೇಕು. ಲೂಸರ್ನ್ ಮೇವಿಗೆ ಆರರ ತನಕ ಬೇಕು. ಅದೇ ಎಕರೆಯಲ್ಲಿ ಮನೆಗಳು ಎದ್ದರೆ ಅದಕ್ಕಿಂತ ಕಡಿಮೆ ಸಾಕು. ಹೊಲ ಹೋಗಿ ಮನೆ ಬಂದದ್ದರಿಂದ, ಮಿತವ್ಯಯದಿಂದ, ಜನಸಂಖ್ಯೆ 1957ರಿಂದ ಆರೇಳು ಪಟ್ಟು ಏರಿದರೂ ರಾಜ್ಯದ ಒಟ್ಟು ನೀರಿನ ಬಳಕೆ ಅಂದಿಗಿಂತ ಹೆಚ್ಚಾಗಿಲ್ಲ ಎಂದು ಅಲ್ಲಿನ ಜಲಸಂಪನ್ಮೂಲ ಇಲಾಖೆ ಹೇಳುತ್ತದೆ. ಮರುಭೂಮಿಯಲ್ಲಿ ಮೇವು ಬೆಳೆಯುವುದು ಸರಿಯೇ ಎಂದು ಪಟ್ಟಣದವರು ಕೇಳಿದರೆ ಆ ಪ್ರಶ್ನೆಯಲ್ಲಿ ಹುರುಳಿದೆ. ನಮ್ಮ ಬರಡು ತಾಲ್ಲೂಕಿನಲ್ಲಿ ಕಬ್ಬು ಹಾಕಿದವರಿಗೆ ನಾನೂ ಅದನ್ನೇ ಕೇಳುತ್ತೇನೆ. ಆದರೆ ಬೆಳೆ ಬದಲಿಸು ಎನ್ನುವುದು ಬೇರೆ, ರಾತ್ರಿ ಬೆಳಗಾಗುವುದರೊಳಗೆ ನೀರು ನಿಲ್ಲಿಸುವುದು ಬೇರೆ. ಬೆಳೆ ಬದಲಿಸಲು ರೈತನಿಗೆ ಕಾಲ ಬೇಕು, ಹಣ ಬೇಕು, ಮಾರುಕಟ್ಟೆ ಬೇಕು.

ಹಕ್ಕು ಬಿಡದವರ ಕಥೆ

ಇದೇ ಪಿನಾಲ್ ಕಡೆಯಲ್ಲಿ, ಫೀನಿಕ್ಸ್‌ನ ದಕ್ಷಿಣಕ್ಕೆ, ಹೀಲಾ ನದಿಯ ದಂಡೆಯಲ್ಲಿ ಇನ್ನೊಂದು ರೈತ ಜನಾಂಗವಿದೆ. ಅಕಿಮೆಲ್ ಓಧಮ್ ಎಂಬ ಮೂಲನಿವಾಸಿಗಳು ಇವರು. ಆ ಹೆಸರಿಗೆ ನದಿಯ ಜನ ಎಂದೇ ಅರ್ಥ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೇಲುಭಾಗದ ವಲಸಿಗರು ಹೀಲಾ ನದಿಯನ್ನು ತಮ್ಮ ಹೊಲಗಳಿಗೆ ತಿರುಗಿಸಿಕೊಂಡಾಗ ಇವರ ಕಾಲುವೆಗಳು ಒಣಗಿದವು. ಗೋಧಿ ಬೆಳೆದು ಮಾರುತ್ತಿದ್ದ ಜನ ಹಸಿವಿನಿಂದ ನರಳಿದರು.

ನೀರು ಹೋಯಿತು, ಆದರೆ ಹಕ್ಕನ್ನು ಅವರು ಬಿಟ್ಟುಕೊಡಲಿಲ್ಲ. ಮೂಲನಿವಾಸಿಗಳಿಗೆ ಕೊಟ್ಟ ಭೂಮಿಯ ಜೊತೆಗೆ ಅದಕ್ಕೆ ಬೇಕಾದ ನೀರೂ ಸೇರಿದೆ ಎಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1908ರಲ್ಲಿ ಬೇರೊಂದು ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತ್ತು. ಅದನ್ನು ಹಿಡಿದು ತಲೆಮಾರುಗಳ ಕಾಲ ವ್ಯಾಜ್ಯ ನಡೆಸಿದರು. ಕೊನೆಗೆ ಪಿನಾಲ್ ರೈತರು ಹಕ್ಕು ಬಿಟ್ಟ ಅದೇ 2004ರ ಕಾಯ್ದೆಯಲ್ಲಿ ಹೀಲಾ ನದಿ ಸಮುದಾಯಕ್ಕೆ ಹಕ್ಕು ದೊರೆಯಿತು. ವರ್ಷಕ್ಕೆ 6 ಲಕ್ಷ 53 ಸಾವಿರ ಎಕರೆ-ಅಡಿ. ಅದರಲ್ಲಿ 3 ಲಕ್ಷ 11 ಸಾವಿರಕ್ಕೂ ಹೆಚ್ಚು ಇದೇ ಕಾಲುವೆಯ ನೀರು.

ಬರ ಬಂದಾಗ ಆದದ್ದೇನು ನೋಡಿ. ಮೀಡ್ ಸರೋವರದ ಮಟ್ಟ 2022ರ ಬೇಸಿಗೆಯಲ್ಲಿ ಸಾಮರ್ಥ್ಯದ ಕಾಲು ಭಾಗಕ್ಕೆ ಇಳಿದಿತ್ತು. ಜಲಾಶಯದಲ್ಲಿ ನೀರು ಉಳಿಸಲು ಸರ್ಕಾರ 2023ರಲ್ಲಿ ಈ ಸಮುದಾಯದೊಡನೆ ಒಪ್ಪಂದ ಮಾಡಿಕೊಂಡಿತು. ವರ್ಷಕ್ಕೆ 1 ಲಕ್ಷ 25 ಸಾವಿರ ಎಕರೆ-ಅಡಿಯ ತನಕ ನೀರು ಬಿಟ್ಟುಕೊಟ್ಟರೆ ವರ್ಷಕ್ಕೆ 5 ಕೋಟಿ ಡಾಲರ್, ಮೂರು ವರ್ಷಕ್ಕೆ 15 ಕೋಟಿ ಡಾಲರ್.

ಒಂದೇ ಕಾಲುವೆ, ಒಂದೇ ಬರಗಾಲ. ಹಕ್ಕಿದ್ದವರಿಗೆ ನೀರು ಬಿಟ್ಟದ್ದಕ್ಕೆ ಹಣ ಬಂತು. ಹಕ್ಕಿಲ್ಲದವರಿಗೆ ನೀರು ನಿಂತಿದೆ ಎಂಬ ಕಾಗದ ಬಂತು. ನಾನು ಹೇಳಬೇಕೆಂದಿರುವ ಮಾತೆಲ್ಲ ಇಷ್ಟರಲ್ಲೇ ಅಡಗಿದೆ.

ಈಗ ಮತ್ತೆ ರೈತನ ಬಾಗಿಲಿಗೆ

2023ರ ಜೂನ್ ತಿಂಗಳಲ್ಲಿ ರಾಜ್ಯಪಾಲೆ ಕೇಟಿ ಹಾಬ್ಸ್ ಹೊಸ ಲೆಕ್ಕವನ್ನು ಪ್ರಕಟಿಸಿದರು. ಫೀನಿಕ್ಸ್ ವಲಯದಲ್ಲಿ ಮುಂದಿನ ನೂರು ವರ್ಷಕ್ಕೆ ಬೇಕಾದ ಅಂತರ್ಜಲದಲ್ಲಿ ನೂರಕ್ಕೆ 4 ಪಾಲು, ಎಂದರೆ 48 ಲಕ್ಷ 60 ಸಾವಿರ ಎಕರೆ-ಅಡಿ ಕಡಿಮೆ ಬೀಳುತ್ತದೆ. ಆದ್ದರಿಂದ ಅಂತರ್ಜಲವನ್ನೇ ನಂಬಿದ ಹೊಸ ಬಡಾವಣೆಗಳಿಗೆ ಪರವಾನಗಿ ಇಲ್ಲ. ನೂರಕ್ಕೆ ನಾಲ್ಕು ಕಡಿಮೆ ಎಂದು ತಿಳಿದೊಡನೆ ಕೈ ತಡೆದ ಆಡಳಿತದ ದಿಟ್ಟತನವನ್ನು ಮೆಚ್ಚಬೇಕು.

ಆದರೆ ನಗರ ಬೆಳೆಯುವುದನ್ನು ಬಿಡಲಿಲ್ಲ. ಹೊಲದ ಸಾಗುವಳಿ ಶಾಶ್ವತವಾಗಿ ನಿಲ್ಲಿಸಿದರೆ ಅದರ ಅಂತರ್ಜಲ ಹಕ್ಕಿನ ಒಂದು ಭಾಗವನ್ನು ಹೊಸ ಮನೆಗಳಿಗೆ ವರ್ಗಾಯಿಸಬಹುದು ಎಂದು 2025ರಲ್ಲಿ ಕಾಯ್ದೆ ಮಾಡಿದರು. ಶುದ್ಧೀಕರಿಸಿದ ಕೊಳಚೆ ನೀರನ್ನೇ ಇನ್ನಷ್ಟು ಶೋಧಿಸಿ ಕುಡಿಯುವ ನೀರಾಗಿ ಬಳಸಲು ಅದೇ ವರ್ಷ ನಿಯಮವೂ ಬಂತು. ನದಿ ಕಡಿಮೆಯಾದಂತೆ ನಗರದ ಕೈ ಹೊಲದ ಕಡೆಗೂ ಚರಂಡಿಯ ಕಡೆಗೂ ಚಾಚುತ್ತದೆ. ಇದು ಯಾವ ನಗರದ ಕೆಟ್ಟತನವೂ ಅಲ್ಲ. ಜನರಿರುವ ಕಡೆ ನೀರು ಹೋಗುತ್ತದೆ, ಹಣವಿರುವ ಕಡೆ ಬೇಗ ಹೋಗುತ್ತದೆ.

ನಮಗೆ ಇದರಿಂದ ಪಾಠವೇನು?

ಬೆಂಗಳೂರು ಮರುಭೂಮಿಯಲ್ಲ. ಅಲ್ಲಿ ಫೀನಿಕ್ಸ್‌ನ ನಾಲ್ಕು ಪಟ್ಟಿಗೂ ಮೀರಿ ಮಳೆ ಬೀಳುತ್ತದೆ. ಆದರೂ ಅದು ಸುಮಾರು 100 ಕಿಲೋಮೀಟರ್ ದೂರದ ಕಾವೇರಿಯಿಂದ ನೀರೆತ್ತಿ ಬದುಕುವ ನಗರ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕಾವೇರಿ ತೀರ್ಪಿನಲ್ಲಿ ಬೆಂಗಳೂರಿನ ಕುಡಿಯುವ ನೀರಿಗೆಂದು 4.75 ಟಿ.ಎಂ.ಸಿ. ಹೆಚ್ಚಿಗೆ ಕೊಟ್ಟಿತು. ಅದೇ ವರ್ಷ ನಗರದ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು ಹರಿಯಿತು. ಅಂತರ್ಜಲ ಮರುಪೂರಣ ಇದರ ಉದ್ದೇಶ. ಕೊಳವೆ ಬಾವಿ ಸಾವಿರ ಅಡಿ ದಾಟಿದ ಜಿಲ್ಲೆಗೆ ಇದರಿಂದ ಉಪಕಾರವಾಗಿದೆ. ನೀರಿನ ಗುಣಮಟ್ಟದ ಬಗ್ಗೆ ರೈತರು ಎತ್ತಿದ ಪ್ರಶ್ನೆಗಳೂ ನ್ಯಾಯವಾದವೇ.

ಆದರೆ ಇಂದು ನಗರಕ್ಕೆ ಬೇಡವಾದ ನೀರು ನಾಳೆ ನಗರಕ್ಕೇ ಬೇಕೆನಿಸಿದರೆ? ಅರಿಜೋನಾದಲ್ಲಿ ಆದದ್ದು ಇಲ್ಲಿ ಆಗಬಾರದೆಂದೇನೂ ಇಲ್ಲ. ಆದ್ದರಿಂದ ತಮ್ಮ ಊರಿಗೆ ನೀರು ಬರುವುದಿರಲಿ, ತಮ್ಮ ಊರಿನ ನೀರು ನಗರಕ್ಕೆ ಹೋಗುವುದಿರಲಿ, ಗ್ರಾಮಸಭೆಯಲ್ಲಿ ಈ ನಾಲ್ಕು ಪ್ರಶ್ನೆಗಳನ್ನು ಎತ್ತಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಬೇಕೆಂದು ನನ್ನ ಸಲಹೆ:

1. ವರ್ಷಕ್ಕೆ ಎಷ್ಟು ನೀರು, ಎಷ್ಟು ವರ್ಷದ ತನಕ? ಬಾಯಿಮಾತೋ, ಆದೇಶವೋ?

2. ಬರಗಾಲದಲ್ಲಿ ಮೊದಲು ಕಡಿತವಾಗುವ ಸರದಿ ಯಾರದ್ದು? ಒಪ್ಪಂದದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಾಲು ಇದೇ. ಒಳ್ಳೆಯ ವರ್ಷದಲ್ಲಿ ಯಾರೂ ಇದನ್ನು ಓದುವುದಿಲ್ಲ.

3. ನೀರಿನ ಗುಣಮಟ್ಟಕ್ಕೆ ಯಾರು ಹೊಣೆ? ಪರೀಕ್ಷೆ ಎಷ್ಟು ತಿಂಗಳಿಗೊಮ್ಮೆ, ಫಲಿತಾಂಶ ಪಂಚಾಯಿತಿಗೆ ಬರುತ್ತದೆಯೇ?

4. ರೈತರು ನೀರು ಬಿಟ್ಟುಕೊಡಬೇಕಾಗಿ ಬಂದರೆ ಅದಕ್ಕೆ ಪ್ರತಿಫಲವೇನು? ಬೆಳೆ ಬದಲಿಸಲು ಎಷ್ಟು ಕಾಲಾವಕಾಶ?

ಉತ್ತರ ಸಿಗದಿದ್ದರೆ ನೀರನ್ನು ಬೇಡವೆನ್ನಬೇಕೆಂದು ನಾನು ಹೇಳುವುದಿಲ್ಲ. ಬಂದ ನೀರನ್ನು ಬಿಡುವುದು ಜಾಣತನವಲ್ಲ. ಆದರೆ ಬೆಳೆಯ ಆಯ್ಕೆಯಲ್ಲಿ ಒಂದು ಶಿಸ್ತು ಇರಲಿ. ಸ್ವಂತ ಬಾವಿಯ, ಸ್ವಂತ ಕೃಷಿ ಹೊಂಡದ, ಮಳೆ ನೀರು ಇಂಗಿಸಿ ಗಳಿಸಿದ ನಂಬಿಕೆಯ ನೀರಿಗೆ ತೋಟ. ಕೈಗಡದ ನೀರಿಗೆ ಹೊಲದ ಬೆಳೆ. ರಾಗಿ, ಅವರೆ, ನೆಲಗಡಲೆ, ಮೂರು ನಾಲ್ಕು ತಿಂಗಳಿನಲ್ಲಿ ಕೈಗೆ ಬರುವ ತರಕಾರಿ ಹಾಕಿದವನು ನೀರು ನಿಂತರೆ ಒಂದು ಬೆಳೆ ಕಳೆದುಕೊಂಡಾನು. ಹದಿನೈದು ವರ್ಷ ಬಾಳುವ ಗಿಡ ನೆಟ್ಟು, ಅದಕ್ಕೆ ಬ್ಯಾಂಕಿನ ಸಾಲ ಮಾಡಿದವನು ಎಲ್ಲವನ್ನೂ ಕಳೆದುಕೊಂಡಾನು.

ಆ ಹಳ್ಳಿಗೆ ಮುಂದಿನ ತಿಂಗಳು ಮತ್ತೆ ಹೋಗಬೇಕಾಗಿದೆ. ಆ ಹಿರಿಯರನ್ನು ಕಂಡು, "ಯಜಮಾನರೇ, ಕೆರೆಗೆ ಹೊರಗಿನ ನೀರು ಬರುವ ಮೊದಲು ನಿಮ್ಮ ಬಾವಿಯಲ್ಲಿ ಬೇಸಿಗೆಯಲ್ಲಿ ಎಷ್ಟು ನೀರಿತ್ತೋ ಅಷ್ಟಕ್ಕೆ ಮಾತ್ರ ಹಿಪ್ಪುನೇರಳೆ ಹಾಕಿ. ಅದು ಅರ್ಧ ಎಕರೆಯಾದರೆ ಅರ್ಧ ಎಕರೆ. ಉಳಿದದ್ದರಲ್ಲಿ ರಾಗಿಯೋ ತರಕಾರಿಯೋ ಬೆಳೆಯಿರಿ. ನೀರು ಎಷ್ಟು ವರ್ಷ ಬರುತ್ತದೆ ಎಂದು ನನ್ನನ್ನು ಕೇಳಿದಿರಲ್ಲ, ಅದನ್ನೇ ಗ್ರಾಮಸಭೆಯಲ್ಲಿ ಬರವಣಿಗೆಯಲ್ಲಿ ಕೇಳಿ" ಎಂದು ಹೇಳಬೇಕೆಂದಿದ್ದೇನೆ. ಅವರು ಕೇಳಿದ ಪ್ರಶ್ನೆ ದೊಡ್ಡದು. ಪಿನಾಲ್ ಜಿಲ್ಲೆಯಲ್ಲಿ ಅದಕ್ಕೆ ಉತ್ತರ ಸಿಗಲು ಐವತ್ತು ವರ್ಷ ಹಿಡಿಯಿತು. ನಾವು ಅಷ್ಟು ಕಾಲ ಕಾಯಬೇಕಾಗಿಲ್ಲ.